ತಟ್ಟೆ ದಾಟಿಸುವವಳು

ನಮ್ಮ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ಪ್ರಭು ಭೋಜನ. ರೊಟ್ಟಿಯ ಚೂರುಗಳಿರುವ ತಟ್ಟೆ ಬೆಂಚಿನಿಂದ ಬೆಂಚಿಗೆ, ಕೈಯಿಂದ ಕೈಗೆ ಬರುತ್ತದೆ. ಒಬ್ಬೊಬ್ಬರೂ ಒಂದೊಂದು ಚೂರು ತೆಗೆದುಕೊಂಡು ಪಕ್ಕದವರಿಗೆ ಕೊಡುತ್ತಾರೆ. ನನ್ನ ಅಕ್ಕ ಮಾತ್ರ ತೆಗೆದುಕೊಳ್ಳುತ್ತಿರಲಿಲ್ಲ. ತಟ್ಟೆಯನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿದು ನನ್ನತ್ತ ದಾಟಿಸಿ, ಮಡಿಲಲ್ಲಿ ಕೈಯಿಟ್ಟುಕೊಂಡು ನೆಲ ನೋಡುತ್ತಾ ಕೂರುತ್ತಿದ್ದಳು. ದ್ರಾಕ್ಷಾರಸದ ಪುಟ್ಟ ಲೋಟಗಳು ಬಂದಾಗಲೂ ಅಷ್ಟೇ. ಇದು ಒಂದೆರಡು ತಿಂಗಳ ಮಾತಲ್ಲ, ವರ್ಷಗಟ್ಟಲೆ ನಡೆಯಿತು. ಜನರ ಬಾಯಿ ಸುಮ್ಮನಿರುತ್ತದೆಯೇ? 'ತಟ್ಟೆ ದಾಟಿಸುವವಳು' ಎಂದು ಅವಳಿಗೆ ಅಡ್ಡಹೆಸರು ಬಿತ್ತು.

ಯಾಕೆ ಹೀಗೆ ಎಂದರೆ, ತಾನು ರಕ್ಷಣೆ ಹೊಂದಿದ್ದೇನೆಯೋ ಇಲ್ಲವೋ, ಅಂದರೆ ದೇವರು ತನ್ನ ಪಾಪ ಕಳೆದು ತನ್ನವಳೆಂದು ಸೇರಿಸಿಕೊಂಡಿದ್ದಾನೋ ಇಲ್ಲವೋ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅಷ್ಟೇ ವಿಷಯ. ಯೋಗ್ಯತೆಯಿಲ್ಲದೆ ಈ ಊಟಕ್ಕೆ ಕೈ ಹಾಕಿದವರು ತೀರ್ಪನ್ನು ತಾವೇ ಮೈಮೇಲೆ ಎಳೆದುಕೊಳ್ಳುತ್ತಾರೆ ಎಂದು ಪ್ರತಿ ತಿಂಗಳೂ ತಟ್ಟೆ ಹೊರಡುವ ಮೊದಲು ಓದಿ ಹೇಳುತ್ತಾರೆ. ನಾವೆಲ್ಲ ಅದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದೆವು. ಅಕ್ಕನಿಗೆ ಎರಡನೆಯ ಕಿವಿ ಇರಲಿಲ್ಲವೆಂದು ಕಾಣುತ್ತದೆ.

ಅನುಮಾನ ಅವಳಿಗೆ ಹುಟ್ಟುಗುಣ. ಬಸ್ ನಿಲ್ದಾಣದ ತನಕ ಹೋಗಿ, ಒಲೆ ಆರಿಸಿದೆನೋ ಇಲ್ಲವೋ ಎಂದು ವಾಪಸ್ ಬರುತ್ತಿದ್ದಳು. ಆರಿರುತ್ತಿತ್ತು. ಆದರೆ ನೋಡಿದ ಮೇಲೂ, ಸರಿಯಾಗಿ ನೋಡಿದೆನೋ ಇಲ್ಲವೋ ಎಂದು ಇನ್ನೊಮ್ಮೆ ಬಗ್ಗುತ್ತಿದ್ದಳು. ಅವಳಿಗೆ ಸಿಕ್ಕ ಕೆಲಸವೂ ತಕ್ಕದ್ದೇ. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗ. ಬಿಸಿ ಆವಿ, ಬ್ಲೀಚಿನ ಘಾಟು, ದಿನವಿಡೀ ಗುಡುಗುಟ್ಟುವ ಯಂತ್ರಗಳು. ಒಗೆದು ಒಣಗಿದ ಹಾಸುಬಟ್ಟೆಗಳನ್ನು ಒಂದೊಂದಾಗಿ ದೀಪದ ಎದುರು ಹಿಡಿದು, ಕಲೆ ಉಳಿದಿದೆಯೇ ಎಂದು ನೋಡುವುದು ಅವಳ ಪಾಲಿನ ಕೆಲಸ. ಅದರಲ್ಲಿ ಅವಳದು ಎತ್ತಿದ ಕೈ. ಆಸ್ಪತ್ರೆಯವರಾದರೂ ಎರಡು ಸಲ ಒಗೆಸಿದ ಮೇಲೆ ಸಾಕು ಬಿಡು ಎನ್ನುತ್ತಿದ್ದರು. ಅಕ್ಕ ತನ್ನನ್ನು ತಾನು ಎಷ್ಟು ಸಲ ಒಗೆದುಕೊಂಡರೂ ಸಾಕು ಎನ್ನಲಿಲ್ಲ.

ಇದು ಶುರುವಾದದ್ದು ಅವಳ ದೀಕ್ಷಾಸ್ನಾನದ ದಿನ. ಚರ್ಚಿನ ಹಿಂದೆ ಒಂದು ಸಿಮೆಂಟಿನ ತೊಟ್ಟಿ. ಅದರಲ್ಲಿ ಎದೆಮಟ್ಟ ನೀರಿನಲ್ಲಿ ನಿಲ್ಲಿಸಿ, ಪ್ರಶ್ನೆ ಕೇಳಿ, ಹೌದೆಂದ ಮೇಲೆ ಮುಳುಗಿಸುತ್ತಾರೆ. ಅಕ್ಕನೂ ಹೌದೆಂದಳು, ಮುಳುಗಿದಳು, ಎದ್ದಳು. ಆಗ ಅವಳ ಮನಸ್ಸಿನಲ್ಲಿದ್ದದ್ದು ಒಂದೇ: ಒದ್ದೆ ಬಟ್ಟೆ ಮೈಗಂಟಿಕೊಂಡಿದೆ, ಹಾಡುವ ಹುಡುಗರೆಲ್ಲ ಎದುರಿಗೇ ನಿಂತಿದ್ದಾರೆ. ದೇವರು ಆ ಹೊತ್ತಿನಲ್ಲಿ ಅವಳ ತಲೆಯ ಹತ್ತಿರವೂ ಸುಳಿದಿರಲಿಲ್ಲ. ಆಮೇಲೆ ಹಾಸಿಗೆಯಲ್ಲಿ ಮಲಗಿ ನನಗೆ ಹೇಳಿದಳು, "ಬಾಯಲ್ಲಿ ಹೌದು ಅಂದೆ ಕಣೇ. ಮನಸ್ಸು ಅಲ್ಲಿರಲೇ ಇಲ್ಲ."

ಕೆಲವು ವರ್ಷಗಳ ಮೇಲೆ, ಯಾರಿಗೂ ಹೇಳದೆ, ಊರಿನ ಇನ್ನೊಂದು ಕೊನೆಯ ಬೇರೆ ಸಭೆಗೆ ಹೋಗಿ ಎರಡನೆಯ ಸಲ ಮುಳುಗಿ ಬಂದಳು. ಈ ಸಲ ಹುಡುಗರಿರಲಿಲ್ಲ. ಆದರೆ ನೀರಿನೊಳಗೆ ಇದ್ದಷ್ಟು ಹೊತ್ತೂ, ಈಗ ಮನಸ್ಸು ಸರಿಯಾಗಿದೆಯೇ ಎಂದು ನೋಡುವುದರಲ್ಲೇ ಮನಸ್ಸು ಹೋಯಿತಂತೆ. ಮೂರನೆಯ ಕಡೆ ಪಾಸ್ಟರು ಒಪ್ಪಲಿಲ್ಲ. "ನಮ್ಮ ತೊಟ್ಟಿ ನೀರೇನೂ ಖರ್ಚಾಗಲ್ಲಮ್ಮ, ನಿನಗೆ ನೆಗಡಿಯಾಗುತ್ತೆ ಅಷ್ಟೇ" ಎಂದು ಹೇಳಿ ಕಳಿಸಿದರು. ನಾನು ನಕ್ಕೂ ನಕ್ಕೂ ಸುಸ್ತಾದೆ. ಅವಳು ನಗಲಿಲ್ಲ.

ಅಮ್ಮನ ರೀತಿಯೇ ಬೇರೆ. ಅಮ್ಮ ಮನೆಯಲ್ಲೇ ಕಿಟಕಿಯ ಪಕ್ಕ ಕೂತು ಅಂಗಡಿಯ ಅಂಗಿಗಳಿಗೆ ಕಾಜಾ ಹಾಕುತ್ತಿದ್ದಳು. ಒಂದು ಅಂಗಿ ಮುಗಿಯುವಷ್ಟರಲ್ಲಿ ಎರಡು ಹಾಡು ಮುಗಿಯುತ್ತಿದ್ದವು. ವಾರದ ಪ್ರಾರ್ಥನಾ ಕೂಟದಲ್ಲಿ ಎಲ್ಲರಿಗಿಂತ ಮೊದಲು ಎದ್ದು, "ನಾನು ರಕ್ಷಣೆ ಹೊಂದಿದವಳು, ಇದರಲ್ಲಿ ಎರಡು ಮಾತಿಲ್ಲ" ಎಂದು ಸಾಕ್ಷಿ ಹೇಳುತ್ತಿದ್ದಳು. ಆ ದನಿ ರಸ್ತೆಯ ತನಕ ಕೇಳುತ್ತಿತ್ತು. ಇಂಥ ತಾಯಿಗೆ ಇಂಥ ಮಗಳೇ ಎಂದು ಹೆಂಗಸರು ಕಿವಿ ಕಚ್ಚುತ್ತಿದ್ದರು. ಅಮ್ಮನಿಗೆ ಅದೂ ಕೇಳಿಸುತ್ತಿತ್ತು. ಮನೆಗೆ ಬಂದು, "ಒಂದು ಚೂರು ರೊಟ್ಟಿ ತಗೊಂಡ್ರೆ ನಿನ್ನ ಗಂಟೇನು ಹೋಗುತ್ತೆ? ನನ್ನ ಮಾನ ಯಾಕೆ ಕಳೀತೀಯ?" ಎಂದು ರೇಗುತ್ತಿದ್ದಳು.

ಮಾನಕ್ಕಿಂತ ದೊಡ್ಡದೇ ಹೋಯಿತು. ಅಚ್ಚುಕೂಟದಲ್ಲಿ ಯಂತ್ರ ನೋಡಿಕೊಳ್ಳುವ ಒಬ್ಬರಿಗೆ ಅಕ್ಕನನ್ನು ಕೇಳಿದ್ದರು. ಮೃದು ಮಾತಿನ ಮನುಷ್ಯ, ಉಗುರಿನ ಸಂದಿನಲ್ಲಿ ಯಾವಾಗಲೂ ಕಪ್ಪು ಮಸಿ. ಅಕ್ಕ ಅವರ ಮಾತು ಬಂದಾಗಲೆಲ್ಲ ಸುಮ್ಮಸುಮ್ಮನೆ ಪಾತ್ರೆ ಜೋಡಿಸತೊಡಗಿದ್ದಳು, ಅಂದರೆ ಮನಸ್ಸು ಕೂತಿತ್ತು. ಅವರ ತಾಯಿ ಹುಡುಗಿಯನ್ನು ಚರ್ಚಿನಲ್ಲೇ ನೋಡೋಣವೆಂದು ಬಂದರು. ಬಂದದ್ದು ತಿಂಗಳ ಮೊದಲ ಭಾನುವಾರ. ತಟ್ಟೆ ದಾಟಿತು. ಆ ತಾಯಿ ಎದ್ದು ಹೋಗುವ ಮೊದಲು ಅಕ್ಕಪಕ್ಕ ವಿಚಾರಿಸಿದರು. ವಿಚಾರಿಸಿದರೆ ಹೇಳುವವರಿಗೇನು ಬರವೇ? ಭೋಜನಕ್ಕೆ ಕೈ ಹಾಕಲಾರಳು ಎಂದರೆ ಒಳಗೆ ಏನೋ ಇದೆ, ಆಸ್ಪತ್ರೆಯಲ್ಲಿ ಬೇರೆ ಕೆಲಸ, ಎಂದು ಒಬ್ಬಳು ಇಲ್ಲದ ಮಗುವನ್ನೂ ಹುಟ್ಟಿಸಿದಳು. ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಅಚ್ಚುಕೂಟದವರು ತಾವೇ ಒಂದು ಸಂಜೆ ಮನೆಗೆ ಬಂದರು. ಒಳ್ಳೆಯವರೇ. ತಲೆ ತಗ್ಗಿಸಿಕೊಂಡು ಕೇಳಿದರು.

"ಹಿಂದೆ ಏನಾದ್ರೂ ಆಗಿದ್ರೆ ಹೇಳಿಬಿಡಿ. ನಾನು ಅದನ್ನ ಎತ್ತಿ ಆಡೋನಲ್ಲ."

"ಏನೂ ಆಗಿಲ್ಲ" ಎಂದಳು ಅಕ್ಕ. "ಅದೇ ತೊಂದರೆ. ಏನಾದ್ರೂ ಆಗಿದ್ರೆ ಅರಿಕೆ ಮಾಡ್ಕೊಂಡು ಎದ್ದು ಬರ್ತಿದ್ದೆ."

ಪಾಪವಿದ್ದಿದ್ದರೆ ಅವರು ಕ್ಷಮಿಸುತ್ತಿದ್ದರು. ಇಲ್ಲದ್ದನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಎದ್ದು ಹೋದರು. ಆ ಮಾತು ಅಲ್ಲಿಗೇ ಮುರಿಯಿತು, ಬೇರೆ ಯಾರೂ ಕೇಳಿಕೊಂಡು ಬರಲಿಲ್ಲ. ಅಮ್ಮ ಅಂದಿನಿಂದ ಅಕ್ಕನ ಮೇಲೆ ರೇಗುವುದನ್ನು ಬಿಟ್ಟಳು. ಅದು ರೇಗುವುದಕ್ಕಿಂತ ಕಷ್ಟವಾಗಿತ್ತು. ನಾನು ಮದುವೆಯಾಗಿ ಎರಡು ಬೀದಿ ಆಚೆ ಹೋದೆ. ಅವರಿಬ್ಬರೂ ಆ ಎರಡು ಕೋಣೆಯ ಮನೆಯಲ್ಲಿ ಉಳಿದರು, ಒಬ್ಬಳು ಹಾಡುತ್ತಾ, ಇನ್ನೊಬ್ಬಳು ಕೇಳಿಸಿಕೊಳ್ಳುತ್ತಾ.

ಅಮ್ಮನ ಎದೆಯಲ್ಲಿ ನೀರು ತುಂಬತೊಡಗಿದಾಗ ಹಾಡು ನಿಂತಿತು. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಅದರ ಅರ್ಥ ಅಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ, ಅಂಥವರ ಹಾಸುಬಟ್ಟೆ ದಿನಾ ಅವಳ ಕೈಗೆ ಬರುತ್ತಿತ್ತು. ಕಾಜಾ ಹಾಕುವ ಮೇಜನ್ನು ಸರಿಸಿ, ಅಮ್ಮನ ಮಂಚವನ್ನು ಕಿಟಕಿಯ ಹತ್ತಿರ ಎಳೆದೆವು. ಒಂದು ಬೆಳಿಗ್ಗೆ ಅಮ್ಮ, "ಪಾಸ್ಟರನ್ನ ಕರೆಸಿ. ಪ್ರಭು ಭೋಜನ ತಗೋಬೇಕು, ಇನ್ನು ಚರ್ಚಿಗೆ ಹೋಗೋದು ಆಗಲ್ಲ" ಎಂದಳು.

ಪಾಸ್ಟರು ಮಧ್ಯಾಹ್ನ ಬಂದರು. ಹೊಸಬರು, ಚಿಕ್ಕ ವಯಸ್ಸು. ಪುಟ್ಟ ಪೆಟ್ಟಿಗೆ ಬಿಚ್ಚಿ ರೊಟ್ಟಿ, ಲೋಟ ಹೊರಗಿಟ್ಟು, ಪ್ರಾರ್ಥನೆ ಮಾಡಿ, ಒಂದು ಚೂರನ್ನು ಅಮ್ಮನ ಬಾಯಿಯ ಹತ್ತಿರ ಹಿಡಿದರು. ಅಮ್ಮ ತುಟಿ ಬಿಗಿದಳು. ಬೆರಳೆತ್ತಿ ಅಕ್ಕನ ಕಡೆ ತೋರಿಸಿದಳು.

"ಮೊದಲು ಅವಳಿಗೆ."

"ಅವರ ವಿಷಯ ಆಮೇಲೆ ಮಾತಾಡೋಣಮ್ಮ. ನೀವು ತಗೊಳ್ಳಿ" ಎಂದರು ಪಾಸ್ಟರು.

"ಅವಳು ತಗೊಳ್ಳದೆ ನಾನು ತಗೊಳ್ಳಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಸಾಯುವಾಗಲೂ ಈ ಹಟವೇ, ಮಗಳ ಕುತ್ತಿಗೆ ಹಿಡಿಯಲು ಬೇರೆ ದಿನವೇ ಸಿಗಲಿಲ್ಲವೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅಕ್ಕನ ಮುಖ ಬಿಳಿಚಿಕೊಂಡಿತ್ತು.

"ಇದೊಂದನ್ನ ಕೇಳ್ಬೇಡಮ್ಮ" ಎಂದಳು. ಅಮ್ಮನ ಬೆರಳು ಇನ್ನೂ ಅವಳ ಕಡೆಗೇ ಇತ್ತು. ಅಕ್ಕ ಪಾಸ್ಟರ ಕಡೆ ತಿರುಗಿದಳು. "ನಿಶ್ಚಯ ಇಲ್ಲದೆ ತಗೊಂಡ್ರೆ ಏನಾಗುತ್ತೆ? ನಿಜ ಹೇಳಿ."

ಪಾಸ್ಟರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ, ಅದು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು ಎಂದೇನೋ ಹೇಳಿದರು.

ಅಕ್ಕ ಅಮ್ಮನನ್ನೇ ನೋಡಿದಳು. ನನಗೆ ಗೊತ್ತು, ಅವಳು ಆಗ ನಿಜವಾಗಿ ನಂಬಿದ್ದದ್ದೇನೆಂದರೆ, ಆ ಚೂರನ್ನು ತಿಂದರೆ ತಾನು ಶಾಶ್ವತವಾಗಿ ಕೆಟ್ಟೆ ಎಂದು. ಇದು ನಮ್ಮ ನಿಮ್ಮಂಥವರಿಗೆ ಬಾಯಿಮಾತು, ಅವಳಿಗೆ ನರಕದ ಬೆಂಕಿ ಎಂದರೆ ಬೆಂಕಿಯೇ.

"ಬರೋದು ನನ್ನ ಮೇಲೆ ಬರಲಿ" ಎಂದಳು. "ಅಮ್ಮ ಇದಿಲ್ಲದೆ ಹೋಗೋದು ಬೇಡ." ಪಾಸ್ಟರ ಕೈಯಿಂದ ಚೂರು ತೆಗೆದುಕೊಂಡು ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿ, ಮಾತ್ರೆ ನುಂಗುವವರ ಹಾಗೆ ನುಂಗಿದಳು. ಲೋಟದಿಂದಲೂ ಕುಡಿದಳು. ಆಮೇಲೆ ಅಮ್ಮ ಬಾಯಿ ತೆರೆದಳು.

ಪಾಸ್ಟರು ಹೋದ ಮೇಲೆ ಅಮ್ಮ ಅಕ್ಕನನ್ನು ಹತ್ತಿರ ಕರೆದಳು. "ಈಗ ಗೊತ್ತಾಯ್ತಾ?"

"ಇಲ್ಲ" ಎಂದಳು ಅಕ್ಕ. ಸುಳ್ಳು ಹೇಳುವುದು ಅವಳಿಗೆ ಬಾರದು, ಅಂಥ ಹೊತ್ತಿನಲ್ಲೂ.

ಅಮ್ಮ ಉಸಿರು ಕೂಡಿಸಿಕೊಂಡಳು. "ನನಗೂ ಗೊತ್ತಿಲ್ಲ ಮಗಳೇ. ಯಾವತ್ತೂ ಗೊತ್ತಿರ್ಲಿಲ್ಲ."

ನಾನು ಔಷಧಿ ಚಮಚ ಹಿಡಿದು ನಿಂತವಳು ಹಾಗೇ ನಿಂತೆ.

"ಮತ್ತೆ ವಾರ ವಾರ ಎದ್ದು ಹೇಳ್ತಿದ್ದೆಯಲ್ಲ?" ಅಕ್ಕನ ದನಿ ಒಡೆದಿತ್ತು.

"ಜೋರಾಗಿ ಹೇಳಿದ್ರೆ ನಿಜ ಅನ್ಸುತ್ತೇನೋ ಅಂತ ಹೇಳ್ತಿದ್ದೆ. ಮನೆಗೆ ಬಂದ್ರೆ ಅದೇ ಹೆದರಿಕೆ. ಆದರೆ ತಟ್ಟೆ ಬಂದಾಗ ತಗೋತಿದ್ದೆ. ಅವರು ಕೊಡ್ತಿದ್ರು, ನಾನು ತಗೋತಿದ್ದೆ. ಅಷ್ಟೇ ನಾನು ಮಾಡಿದ್ದು."

"ಒಂದು ಸಲ ಹೇಳ್ಬಾರದಿತ್ತಾ ನನಗೆ?"

"ಹೇಳಿದ್ರೆ ನೀನು ನನ್ನದೂ ಸೇರಿಸಿ ಹೆದರ್ತಿದ್ದೆ" ಎಂದು ಅಮ್ಮ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು.

ಆ ವಾರವೇ ಹೋದಳು. ಮಣ್ಣು ಮಾಡಿ ಬಂದ ಮೇಲೆ ಅಕ್ಕ ಯಾರ ಜೊತೆಯೂ ಮಾತಾಡಲಿಲ್ಲ. ಊಟಕ್ಕೆ ಕೂತರೆ ಅನ್ನ ಕಲಸುತ್ತಾ ಕೂರುವಳು. ತಾನು ಕೆಟ್ಟೆ ಎಂದು ತೀರ್ಮಾನಿಸಿಕೊಂಡಿದ್ದಾಳೆ ಎಂದು ನನಗೆ ಅನಿಸಿತು. ಕೇಳಲು ಹೆದರಿಕೆಯಾಯಿತು.

ಅಮ್ಮ ಮುಗಿಸದೆ ಬಿಟ್ಟ ಅಂಗಿಗಳು ಮೂಲೆಯಲ್ಲಿದ್ದವು. ಅವನ್ನು ಅಂಗಡಿಗೆ ಹಿಂದಿರುಗಿಸಲೆಂದು ಇಬ್ಬರೂ ಕೂತು ಮಡಚುತ್ತಿದ್ದೆವು. ಆಗ ಅವಳೇ ಬಾಯಿ ಬಿಟ್ಟಳು.

"ಅಮ್ಮ ದೇವರ ಹತ್ರ ಇದ್ದಾಳೆ. ಅದರಲ್ಲಿ ನನಗೆ ಒಂಚೂರೂ ಅನುಮಾನ ಇಲ್ಲ."

ನನಗೆ ರೇಗಿತು. ಜೀವಮಾನವಿಡೀ ಎಲ್ಲದಕ್ಕೂ ಅನುಮಾನ ಪಟ್ಟವಳು ಈಗ ಹೀಗೆ ಹೇಳಿದರೆ ರೇಗದೆ ಇರುತ್ತದೆಯೇ?

"ಅಮ್ಮನಿಗೇ ಗೊತ್ತಿರ್ಲಿಲ್ಲ ಅಂದಳಲ್ಲ. ನಿನಗೆ ಹೇಗೆ ಗೊತ್ತು?"

"ಅವಳಿಗೆ ಗೊತ್ತಿಲ್ಲದಿದ್ರೆ ಏನಾಯ್ತು? ದೇವರಿಗೆ ಗೊತ್ತಿತ್ತಲ್ಲ" ಎಂದಳು ಅಕ್ಕ, ನನ್ನ ದಡ್ಡತನಕ್ಕೆ ಬೇಸತ್ತವಳಂತೆ.

ಹೇಳಿದವಳ ಕೈ ಅಂಗಿಯ ಮೇಲೆ ನಿಂತಿತು. ತಾನೇ ಆಡಿದ ಮಾತು ಬೇರೆ ಯಾರೋ ಆಡಿದ್ದೆಂಬಂತೆ ನನ್ನ ಮುಖ ನೋಡಿದಳು. ಆಮೇಲೆ ಆ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಅದು ಸಮಾಧಾನದ ಅಳುವಾಗಿರಲಿಲ್ಲ. "ಅವರಿಗೆ ಈಗ ಇಬ್ಬರು ಮಕ್ಕಳಂತೆ" ಎಂದಳು ನಡುವೆ. ಅಚ್ಚುಕೂಟದವರ ಮಾತು ಅವಳ ಬಾಯಿಂದ ನಾನು ಕೇಳಿದ್ದು ಅಷ್ಟು ವರ್ಷಗಳಲ್ಲಿ ಅದೊಂದೇ ಸಲ. ಹೋದದ್ದನ್ನು ಯಾವ ದೇವರೂ ವಾಪಸ್ ತಂದು ಕೊಡುವುದಿಲ್ಲ ಎಂದು ನನಗೆ ಅನಿಸಿತು. ಅವಳಿಗೂ ಅನಿಸಿರಬೇಕು.

ಮುಂದಿನ ತಿಂಗಳ ಮೊದಲ ಭಾನುವಾರ ನಾವು ಎಂದಿನ ಬೆಂಚಿನಲ್ಲೇ ಕೂತಿದ್ದೆವು. ಅಮ್ಮನ ಜಾಗದಲ್ಲಿ ಯಾರೂ ಕೂತಿರಲಿಲ್ಲ. ತೀರ್ಪಿನ ಮಾತು ಓದಿ ಮುಗಿಸಿದರು. ತಟ್ಟೆ ಹೊರಟಿತು. ಅಕ್ಕನ ಕೈಗೆ ಬಂದಾಗ ಹಿಂದಿನ ಸಾಲಿನ ಹೆಂಗಸರು ಮಾತು ನಿಲ್ಲಿಸಿದ್ದು ನನಗೆ ಬೆನ್ನಿಗೇ ಗೊತ್ತಾಯಿತು. ಅಕ್ಕ ಬಹಳ ಹೊತ್ತು ತಟ್ಟೆ ಹಿಡಿದುಕೊಂಡೇ ಇದ್ದಳು. ನನ್ನ ಕೈ ಅಭ್ಯಾಸದಿಂದ ತಾನಾಗಿ ಮುಂದೆ ಹೋಗಿತ್ತು. ಅವಳು ಕೊಡಲಿಲ್ಲ. ಒಂದು ಚೂರನ್ನು ಎತ್ತಿಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಇನ್ನೂ ಗೊತ್ತಿಲ್ಲ ಕಣೇ" ಎಂದಳು, ಮತ್ತು ಅದನ್ನು ಬಾಯಿಗಿಟ್ಟುಕೊಂಡಳು.