ಬಟ್ಟಲು ಎಲ್ಲಿಡಲಿ?

ಈ ಗೈಡ್ ಕೆಲಸ ಬಿಡೆಂದು ಗೆಳತಿ ವರ್ಡೆಲ್‌ಗೆ ಬುದ್ಧಿ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಶನಿವಾರ ಬಂತೆಂದರೆ ಸಾಕು, ಅಮೆರಿಕದ ಕ್ಯಾರೊಲಿನಾ ಕರಾವಳಿಯ ನಮ್ಮ ದ್ವೀಪದ ಹಳೇ ಭತ್ತದ ಎಸ್ಟೇಟಿನ ಬಂಗಲೆ ಮುಂದೆ ನಿಂತು, ಪ್ರವಾಸಿಗರಿಗೆ ಗುಲಾಮರ ಇತಿಹಾಸ ಹೇಳುತ್ತಾಳೆ. ಕೆಸರಿನಲ್ಲಿ ಕಾಲುವೆ ತೋಡಿದವರು ಯಾರು, ಯಾರ ಮಗುವನ್ನು ಯಾರು ಮಾರಿದರು, ಎಲ್ಲ. ಕೇಳಿದವರು ಕಣ್ಣೊರೆಸಿಕೊಂಡು, "ಈ ಬಂಗ್ಲೆ ಮದ್ವೆಗೆ ಕೊಡ್ತಾರಾ?" ಎಂದು ವಿಚಾರಿಸುತ್ತಾರೆ. ಥೂ!

ಆ ಗುಲಾಮರ ಮರಿಮೊಮ್ಮಕ್ಕಳಾದ ನಮ್ಮವರು ಮಾತ್ರ ಅತ್ತ ಸುಳಿಯುವುದಿಲ್ಲ. ಅಲ್ಲಿ ಕುರ್ಚಿ ಹಾಕಲು ಹೋಗುವವಳು, ಚರ್ಚಿನಲ್ಲೂ ಅವಳ ಬೆಂಚಿನಲ್ಲಿ ಕೂರುವವಳು ನಾನೊಬ್ಬಳೇ.

ತಪ್ಪು ಅವಳದೇ. ಸತ್ತವರು ಕೊನೆಗೆ ಬಳಸಿದ ಬಟ್ಟಲನ್ನೋ ತಟ್ಟೆಯನ್ನೋ ಒಡೆದು ಗೋರಿಯ ಮೇಲಿಡುವುದು ನಮ್ಮ ಪದ್ಧತಿ. ಕಲ್ಲಿಲ್ಲ, ಹೆಸರಿಲ್ಲ, ಅದೇ ಗುರುತು. ಇವಳು ಉತ್ತರದ ಪಟ್ಟಣದಲ್ಲಿ ಬೆಳೆದವಳು. ಓದು ಮುಗಿಸಿ ತಾಯಿಯ ಊರಿಗೆ ಬಂದ ಹೊಸದರಲ್ಲಿ, ಸ್ಮಶಾನ ಚೊಕ್ಕಟ ಮಾಡುತ್ತೇನೆಂದು ಕಾಲೇಜಿನವರನ್ನು ಕರೆತಂದು, ಚೂರುಗಳನ್ನೆಲ್ಲ ಕಸವೆಂದು ಬಳಿದು ಪೆಟ್ಟಿಗೆಗೆ ತುಂಬಿಸಿದಳು. ಅವು ಗೋರಿಯ ಗುರುತೆಂದು ತಿಳಿಯುವಷ್ಟರಲ್ಲಿ ಕಾಲ ಮಿಂಚಿತ್ತು.

ಇಪ್ಪತ್ತು ವರ್ಷದಿಂದ ಆ ಪೆಟ್ಟಿಗೆ ಅವಳ ಅಡುಗೆಮನೆಯಲ್ಲಿದೆ. ಅದರ ಪಕ್ಕದಲ್ಲೇ ಒಬ್ಬಳೇ ಕೂತು ಉಣ್ಣುತ್ತಾಳೆ. ಪ್ರತಿ ಶನಿವಾರ ಅದನ್ನು ಹೊತ್ತು ತಂದು, ಕೊನೆಗೆ ಸ್ಮಶಾನದಲ್ಲಿ ನಿಂತು, "ಇದನ್ನ ಮಾಡಿದ್ದು ನಾನೇ" ಎಂದು ಎಲ್ಲರೆದುರು ಒಪ್ಪಿಕೊಳ್ಳುತ್ತಾಳೆ. ನಮ್ಮವರು ಒಬ್ಬರಾದರೂ ಬಂದು ಒಂದು ಚೂರು ಗುರುತಿಸಿದರೆ, ಒಂದೇ ಒಂದು ಗೋರಿಯನ್ನಾದರೂ ಸರಿಮಾಡಿಯೇನು ಎಂಬ ಆಸೆ ಅವಳಿಗೆ.

ಹೋದ ಶನಿವಾರ ತೊಂಬತ್ತರ ಒಲೀತಿಯಾ ಅಜ್ಜಿ ಕೋಲೂರಿಕೊಂಡು ಸ್ಮಶಾನಕ್ಕೆ ಬಂದೇಬಿಟ್ಟಳು! ನಾನು ಓಡಿಹೋಗಿ ಕುರ್ಚಿ ಹಾಕಿದೆ.

"ಕುರ್ಚಿ ಬೇಡ ಕಣೇ, ಪೆಟ್ಟಿಗೆ ತೆಗಿ," ಎಂದಳು ಅಜ್ಜಿ. ಕೆದಕಿ ಕೆದಕಿ ನೀಲಿ ಹೂವಿನ ಬಟ್ಟಲಿನ ಚೂರೊಂದನ್ನು ಎತ್ತಿಕೊಂಡಳು. "ನಮ್ಮವ್ವಂದು."

ವರ್ಡೆಲ್‌ಳ ಮುಖ ಅರಳಿತು. "ಅಜ್ಜಿ, ಎಲ್ಲಿತ್ತು ಅಂತ ತೋರ್ಸಿ. ಇವತ್ತೇ ಇಟ್ಬಿಡೋಣ."

ಅಜ್ಜಿ ಹುಲ್ಲಿನ ಮೇಲೆ ಅಲ್ಲಿಂದಿಲ್ಲಿಗೆ ಕಣ್ಣಾಡಿಸಿದಳು. ಎಲ್ಲ ಒಂದೇ ಸಮ.

"ಈ ಬಟ್ಲು ನೋಡ್ಕೊಂಡೇ ಅಲ್ವೇನೇ ನಾನು ಅವ್ವನ ಹತ್ರ ಹೋಗ್ತಿದ್ದಿದ್ದು? ಅಷ್ಟು ಓದಿದೀಯಲ್ಲ, ನೀನೇ ಹೇಳು. ಎಲ್ಲಿಡ್ಲಿ?"

ಯಾವ ಪ್ರಶ್ನೆಗೂ ತಡವರಿಸದವಳು ವರ್ಡೆಲ್. ಪ್ರವಾಸಿಗರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು. ಅವಳು ಬಗ್ಗಿ ಪೆಟ್ಟಿಗೆಯ ಮುಚ್ಚಳ ಹಾಕಿದಳು. ಅಜ್ಜಿ ಚೂರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮನೆಗೆ ಹೊರಟಳು.

ಹೋಗಿ ವರ್ಡೆಲ್‌ಳ ಕೈ ಹಿಡಿಯಬೇಕೆಂದು ನನಗನಿಸಿತು. ಹಿಡಿಯಲಿಲ್ಲ. ನನ್ನಪ್ಪನ ತಟ್ಟೆಯೂ ಅದೇ ಪೆಟ್ಟಿಗೆಯಲ್ಲಿದೆ. ಇಷ್ಟು ವರ್ಷವಾದರೂ ಅವಳಿಗೆ ಹೇಳಿಲ್ಲ.