ರಸ್ತೆಯಲ್ಲಿ ಹರಡಿದ ಹುರುಳಿ

ಹೋದ ವರ್ಷ ಹೊಸ ಡಾಂಬರು ರಸ್ತೆಯಲ್ಲಿ ನಾನು ಒಕ್ಕಣೆಗೆಂದು ಹರಡಿದ್ದ ಹುರುಳಿ ಗಿಡಗಳ ಮುಂದೆ ಜಾವಗಲ್ ಬಸ್ಸು ಗಕ್ಕನೆ ನಿಂತಿತು.

“ಚಕ್ರಕ್ಕೆ ಸುತ್ಕೊಂಡ್ರೆ ಬೆಂಕಿ ಹತ್ತುತ್ತೆ, ತೆಗೀರಿ ಯಜಮಾನ್ರೇ,” ಎಂದ ಡ್ರೈವರ್.

“ತೆರಿಗೆ ಕಟ್ಟಿವ್ನಿ ಕಣಯ್ಯ! ಸರ್ಕಾರ ಒಂದು ಕಣ ಮಾಡ್ಕೊಡ್ಲಿಲ್ಲ, ರೋಡಾದ್ರೂ ಬ್ಯಾಡ್ವಾ?” ಎಂದು ಜೋರು ಮಾಡಿದೆ.

ಅಷ್ಟರಲ್ಲಿ ಕಿಟಕಿಯಿಂದ ನನ್ನ ಹೆಂಡತಿ ಇಣುಕಿದಳು. ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿಯಾಗಿ ಒಂದು ಕಣ್ಣಿನ ಪೊರೆ ತೆಗೆಸಿಕೊಂಡು, ಅದಕ್ಕೆ ಪಟ್ಟಿ ಕಟ್ಟಿಸಿಕೊಂಡು, ಬಿಟ್ಟಿ ಬಸ್ಸಿನಲ್ಲೇ ಮಗಳ ಜೊತೆ ಬರುತ್ತಿದ್ದಳು. ಒಕ್ಕಣೆಯ ನೆಪ ಹೇಳಿ ನಾನು ಹೋಗಿರಲಿಲ್ಲ.

“ಒಂದೇ ಕಣ್ಣಾದ್ರೂ ಕಾಣ್ತೈತೆ, ಅದು ನಮ್ದೇ ಹುರುಳಿ! ಸರ್ಕಾರ ಇನ್ನೇನ್ ಮಾಡ್ಬೇಕ್ರೀ ನಿಮ್ಗೆ? ಮೊದ್ಲು ಎತ್ರೀ!”

ಬಸ್ಸಿಗೆ ಬಸ್ಸೇ ನಕ್ಕಿತು. ತಲೆ ತಗ್ಗಿಸಿ ಗಿಡಗಳನ್ನು ಬದಿಗೆಳೆದೆ.

ನಮ್ಮ ತೆರಿಗೆ ರಸ್ತೆಗೆ ಸಾಲುತ್ತದೋ ಇಲ್ಲವೋ, ನನಗೆ ಇಂದಿಗೂ ತಿಳಿಯದು. ತಪ್ಪಾಯಿತೆಂದು ಈ ಸಲ ಹುರುಳಿಯನ್ನು ಅಂಗಳದಲ್ಲೇ ಕೋಲಿನಿಂದ ಬಡಿದೆ. ಭುಜ ಇನ್ನೂ ನೋಯುತ್ತಿದೆ.