ನಕ್ಷೆಯ ನಾಲ್ಕನೆಯ ಚುಕ್ಕೆ

ಕಳೆದ ವಾರ ನಮ್ಮ ವಿಭಾಗದ ಹೊಸ ಲೆಕ್ಚರರ್ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಕೋಣೆಗೆ ಬಂದಳು. ಯಾವುದೋ ಎಂಜಿನಿಯರಿಂಗ್ ಜರ್ನಲ್‌ಗೆ ಪೇಪರ್ ಕಳಿಸಬೇಕಂತೆ. "ಅವರ ಫಾರ್ಮ್ಯಾಟಿಗೆ ಕೂರಿಸಿದ್ದೀಯೇನಮ್ಮಾ?" ಎಂದೆ. "ಈಗ ಕೂರಿಸ್ತೀನಿ ಮೇಡಂ" ಎಂದವಳು ಏನನ್ನೋ ಒತ್ತಿದಳು. ಉದ್ದಕ್ಕೆ ಬಿದ್ದುಕೊಂಡಿದ್ದ ಬರಹ ನನ್ನ ಕಣ್ಣೆದುರೇ ಎದ್ದು ಎರಡು ಕಾಲಂ ಆಗಿ ಕೂತುಬಿಟ್ಟಿತು. ಟೇಬಲ್ಲುಗಳು ತಂತಮ್ಮ ಜಾಗ ಹುಡುಕಿಕೊಂಡವು. "ಅಷ್ಟೇನಾ?" ಎಂದೆ. "ಅಷ್ಟೇ ಮೇಡಂ" ಎಂದಳು. ನನಗೆ ಮೊದಲು ಆಶ್ಚರ್ಯವಾಯಿತು, ಆಮೇಲೆ ಯಾಕೋ ಸಿಟ್ಟು ಬಂತು. ಆ ಹುಡುಗಿ ಪಾಪ, ಮೇಡಂಗೆ ಬಿಪಿ ಏರಿತೆಂದು ನೀರು ತಂದುಕೊಟ್ಟಳು.

ಸಿಟ್ಟು ಯಾಕೆ ಬಂತೆಂದು ನಿಮಗಾದರೂ ಹೇಳುತ್ತೇನೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ನನ್ನ ಮೊದಲ ಪೇಪರನ್ನು ಫಾರ್ಮ್ಯಾಟ್ ಮಾಡಿದ್ದು ಕತ್ತರಿ ಮತ್ತು ಗೋಂದಿನಲ್ಲಿ. ಜರ್ನಲ್‌ನವರು ದೊಡ್ಡ ದೊಡ್ಡ ದಪ್ಪ ಹಾಳೆ ಕಳಿಸುತ್ತಿದ್ದರು. ಅದರ ಮೇಲೆ ತಿಳಿ ನೀಲಿ ಗೆರೆಯ ಚೌಕಟ್ಟು. ನಾವು ಬರಹವನ್ನು ಕಿರಿದಾದ ಪಟ್ಟಿಗಳಾಗಿ ಪ್ರಿಂಟ್ ತೆಗೆದು, ಕತ್ತರಿಸಿ, ಆ ಗೆರೆಗೆ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಅಂಟಿಸಬೇಕು. ಅವರು ಅದರ ಫೋಟೊ ತೆಗೆದು ಹಾಗೇ ಅಚ್ಚು ಹಾಕುತ್ತಾರೆ. ನೀಲಿ ಗೆರೆ ಫೋಟೊದಲ್ಲಿ ಬೀಳುವುದಿಲ್ಲ, ಗೋಂದಿನ ಕಲೆ ಮಾತ್ರ ಚೆನ್ನಾಗಿ ಬೀಳುತ್ತದೆ. ಜೊತೆಗೊಂದು ಸೂಚನಾಪತ್ರ. ಟೇಬಲ್ಲಿಗೆ ಉದ್ದ ಗೆರೆ ಎಳೆಯಬಾರದು, ಅಡ್ಡ ಗೆರೆ ಎಳೆಯಬಹುದು, ಚಿತ್ರದ ಹೆಸರು ಕೆಳಗಿರಬೇಕು, ಟೇಬಲ್ಲಿನ ಹೆಸರು ಮೇಲಿರಬೇಕು. ಹೊಸ ಸೊಸೆಗೆ ಕೂಡ ಯಾರೂ ಇಷ್ಟು ನಿಯಮ ಹಾಕಿರಲಾರರು. ನಾನಾಗ ಹೆಚ್ಚುಕಡಿಮೆ ಹೊಸ ಸೊಸೆಯೇ, ಅದೇ ಇಲ್ಲಿ ತೊಂದರೆಯಾಗಿದ್ದು.

ನನ್ನ ಸಂಶೋಧನೆ ಕಾಫಿ ಪಲ್ಪರ್ ನೀರಿನ ಮೇಲೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಕ್ಕೆ ನಮ್ಮ ಕಡೆ ಪಲ್ಪರ್ ಎನ್ನುತ್ತಾರೆ. ಕುಯ್ಲಿನ ಕಾಲದಲ್ಲಿ ಅದರಿಂದ ಹೊರಡುವ ನೀರು ಹುಳಿನಾತ ಹೊಡೆಯುತ್ತ ಹಳ್ಳ ಸೇರುತ್ತದೆ. ಹಳ್ಳದ ನೀರಿನ ಉಸಿರನ್ನು ಅದು ಎಷ್ಟು ಕಟ್ಟಿಸುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಅಳೆಯಲು ಒಂದು ಎಸ್ಟೇಟ್ ಬೇಕಲ್ಲ? ಯಾರೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಕೊನೆಗೆ ಬಿಟ್ಟುಕೊಂಡವರು ನನ್ನ ಮಾವ. ಸಕಲೇಶಪುರದಿಂದ ಆಲೂರಿನ ಕಡೆಗೆ ಬರುವ ಗುಡ್ಡದಲ್ಲಿ ನಮ್ಮ ತೋಟ.

ಮಾವ ಮಲ್ಲೇಗೌಡರು ಒಳ್ಳೆಯ ಮನುಷ್ಯ. ಆದರೆ ಹೆಸರಿನ ವಿಷಯಕ್ಕೆ ಬಂದರೆ ಮುಟ್ಟಿದರೆ ಮುನಿ. ಆನೇಮಹಲಿನಲ್ಲಿ ನಡೆದ ಸ್ವಂತ ಭಾವಮೈದನ ಮಗಳ ಮದುವೆಗೇ ಹೋಗಲಿಲ್ಲ, ಯಾಕೆಂದರೆ ಕಾರ್ಡಿನಲ್ಲಿ ಇವರ ಹೆಸರು ಬೀಗರ ಹೆಸರಿನ ಕೆಳಗೆ ಬಂದಿತ್ತು. ಅಂಥವರು ನನಗೆ ಹಾಕಿದ್ದು ಒಂದೇ ಷರತ್ತು. "ನೀರು ಎಷ್ಟಾದ್ರೂ ಹಿಡ್ಕೊಂಡೋಗಮ್ಮ. ಅಚ್ಚಾಗೋವಾಗ ಮಲ್ಲೇಗೌಡ, ಪ್ಲಾಂಟರ್ ಅಂತ ಬರ್ಬೇಕು. ಫಾರಿನ್ನೋರ್ಗೂ ಗೊತ್ತಾಗ್ಲಿ." ನಾನು ತಲೆಯಾಡಿಸಿದೆ. ಅವರು ಸಂತೆಯಲ್ಲಿ, ಬ್ಯಾಂಕಿನಲ್ಲಿ, ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗಿನಲ್ಲಿ ಎಲ್ಲೆಲ್ಲೂ ಹೇಳಿಕೊಂಡು ಬಂದರು: ಸೊಸೆ ನಮ್ಮ ಎಸ್ಟೇಟ್ ಮೇಲೆ ಪುಸ್ತಕ ಬರೀತಾವ್ಳೆ.

ನಾನು ಹಳ್ಳದಲ್ಲಿ ನಾಲ್ಕು ಕಡೆ ನೀರು ಹಿಡಿಯುತ್ತಿದ್ದೆ. ಮೊದಲನೆಯದು ಪಲ್ಪರಿಗಿಂತ ಮೇಲೆ, ಎರಡನೆಯದು ಅದರ ಕೆಳಗೆ, ಮೂರನೆಯದು ನಮ್ಮ ಬೇಲಿಯ ಹತ್ತಿರ. ನಾಲ್ಕನೆಯದು ಇನ್ನೂ ಕೆಳಗಿನ ಹಳ್ಳಿಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಆ ಕಲ್ಲು ಗೌರತ್ತೆಯ ಮನೆಯ ಹಿಂದೆಯೇ ಇತ್ತು. ಗೌರತ್ತೆ ಎಂದರೆ ಮಾವನ ಒಬ್ಬಳೇ ತಂಗಿ. ಹೋದಾಗಲೆಲ್ಲ ಅಕ್ಕಿರೊಟ್ಟಿ ತಟ್ಟಿ ಕೊಡುತ್ತಿದ್ದರು. ನನ್ನ ಬಾಟಲಿ ಹಿಡಿದುಕೊಂಡು ನಾತಕ್ಕೆ ಮುಖ ಆಚೆ ತಿರುಗಿಸಿ ನಗುತ್ತಿದ್ದರು. ಕುಯ್ಲಿನ ಕಾಲ ಪೂರ್ತಿ ಕುಡಿಯುವ ನೀರನ್ನು ಗದ್ದೆಯಾಚೆಯ ಒರತೆಯಿಂದ ಹೊತ್ತು ತರುತ್ತಿದ್ದರು. "ಅಣ್ಣಂಗೆ ಮಾತ್ರ ಹೇಳ್ಬ್ಯಾಡ ಕಣವ್ವ, ನೊಂದ್ಕತಾನೆ" ಎಂದು ನನ್ನ ಕೈ ಹಿಡಿದು ಹೇಳಿದ್ದರು, ನಾನು ಹೂಂ ಎಂದಿದ್ದೆ. ಕೆಳಗೆ ಹರಿದಂತೆ ನೀರು ತಿಳಿಯಾಗುತ್ತದೆ ಎಂದು ಪಾಠ ಮಾಡುವವಳು ನಾನು. ಅಲ್ಲಿ ಹಾಗೆ ಆಗಿರಲಿಲ್ಲ. ಬಂಡೆಯ ತಿರುವಿನಲ್ಲಿ ನೀರು ನಿಂತು, ಕೊಳೆತು, ನಮ್ಮ ಬೇಲಿಯ ಹತ್ತಿರ ಇದ್ದದ್ದಕ್ಕಿಂತ ಕೆಟ್ಟದಾಗಿ ಗೌರತ್ತೆಯ ಮನೆ ಮುಟ್ಟುತ್ತಿತ್ತು. ಲ್ಯಾಬಿನಲ್ಲಿ ಆ ಫಲಿತಾಂಶ ನೋಡಿದ ದಿನ ನಾನು ಹೌಹಾರಿದೆ.

ಈಗ ನನ್ನ ಪಾಡು ನೋಡಿ. ಪೇಪರ್ ಅಚ್ಚಾಗದಿದ್ದರೆ ಪಿಎಚ್.ಡಿ. ಇಲ್ಲ. ಅಚ್ಚಾದರೆ, ಮಾವನ ಮನೆಯ ಗಲೀಜನ್ನು ಪರದೇಶದವರೆಗೆ ಹೊತ್ತುಕೊಂಡು ಹೋದ ಸೊಸೆ ಎಂಬ ಬಿರುದು. ಅದಕ್ಕೂ ಮಿಗಿಲಾಗಿ, ಗೌರತ್ತೆಗೆ ಕೊಟ್ಟ ಮಾತು. ಸೂಚನಾಪತ್ರವನ್ನು ಓದುತ್ತಾ ಓದುತ್ತಾ ಕೊನೆಯಲ್ಲಿ ಒಂದು ಸಾಲು ಸಿಕ್ಕಿತು. ಬೇಕಾದರೆ ಸ್ಥಳಗಳ ಹೆಸರಿನ ಬದಲು ಅಕ್ಷರ ಬಳಸಬಹುದು. ಅಬ್ಬಾ, ಬದುಕಿದೆಯಾ ಬಡಜೀವವೇ ಎಂದುಕೊಂಡೆ! ನಮ್ಮ ತೋಟ 'ಎಸ್ಟೇಟ್ ಎ' ಆಯಿತು, ಹಳ್ಳ 'ಬಿ' ಆಯಿತು, ಗೌರತ್ತೆಯ ಕಲ್ಲು ನಕ್ಷೆಯಲ್ಲಿ ಬರೀ ನಾಲ್ಕನೆಯ ಚುಕ್ಕೆಯಾಯಿತು.

ಸಂಕ್ರಾಂತಿ ರಜೆಯಲ್ಲಿ ತೋಟದ ಮನೆಯ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಅಂಟಿಸಲು ಕೂತೆ. ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ನನ್ನವರೂ ನಾನೂ ಇದ್ದ ಹಾಸನದ ಬಾಡಿಗೆ ಮನೆಯಲ್ಲಿ ಅಷ್ಟಗಲದ ಮೇಜಿರಲಿಲ್ಲ. ಪಕ್ಕದಲ್ಲಿ ಅತ್ತೆ ನೆನೆಸಿದ ಅವರೆಕಾಳು ಹಿತುಕುತ್ತಾ, ಉಣ್ಣುವ ಮೇಜಿನಲ್ಲಿ ಗೋಂದಿನ ವಾಸನೆ ಎಂದು ಗೊಣಗುತ್ತಿದ್ದರು. ಮಾವ ಕನ್ನಡಕ ಒರೆಸಿಕೊಂಡು ಬಂದರು.

"ಎಲ್ಲಮ್ಮ ನನ್ನ ಹೆಸ್ರು?"

"ಹೆಸರು ಹಾಕಿಲ್ಲ ಮಾವ. ಎಸ್ಟೇಟ್ ಎ ಅಂತ ಹಾಕಿದೀನಿ."

"ಎ? ಯಾವನಮ್ಮ ಅವ್ನು ಎ?"

"ನೀವೇ ಮಾವ."

ಅತ್ತೆ ಹಿತುಕುತ್ತಿದ್ದ ಕಾಳು ಚಿಮ್ಮಿ ನನ್ನ ಎರಡನೆಯ ಪುಟದ ಮೇಲೆ ಬಿತ್ತು. ಮಾವನ ಮುಖ ಕೆಂಪಾಯಿತು. "ನಾನು ಎ. ನಮ್ಮ ಹಳ್ಳ ಬಿ. ನಿನ್ನ ಹೆಸ್ರು ಮಾತ್ರ ಮೇಲ್ಗಡೆ ದಪ್ಪಕ್ಷರದಾಗೆ ಪೂರ್ತಿ! ಊರಿಗೆಲ್ಲ ಹೇಳ್ಕೊಂಡ್ ಬಂದಿವ್ನಲ್ಲಮ್ಮ, ನಾಳೆ ಏನಂತ ಮುಖ ತೋರಿಸ್ಲಿ?"

ನನಗೊಂದು ಕೆಟ್ಟ ಗುಣವಿದೆ. ಹೆದರಿಕೆಯಾದಾಗ ಬಾಯಿ ಜೋರಾಗುತ್ತದೆ. "ಹೆಸರು ಹಾಕಿದ್ರೇನೇ ನೀವು ಮುಖ ತೋರಿಸಕ್ಕಾಗಲ್ಲ ಮಾವ! ಇದರಲ್ಲಿ ನಿಮ್ಮನ್ನ ಹೊಗಳಿಲ್ಲ. ನಿಮ್ಮ ಪಲ್ಪರ್ ನೀರು ಹಳ್ಳನ ಕೊಲ್ತಿದೆ ಅಂತ ಬರೆದಿದೀನಿ!" ಎಂದುಬಿಟ್ಟೆ. ಮನೆಯಲ್ಲಿ ಯಾರೂ ಅವರೆದುರು ಹಾಗೆ ಮಾತಾಡಿದ್ದಿಲ್ಲ. ಅತ್ತೆ ಸೆರಗು ಬಾಯಿಗಿಟ್ಟುಕೊಂಡರು.

ಮಾವ ಕೂಗಾಡಲಿಲ್ಲ. ಮೇಜಿನ ಮೇಲೆ ಬಗ್ಗಿದರು. ಅಲ್ಲಿ ನನ್ನ ನಕ್ಷೆ ಇತ್ತು. ಒಂದೇ ಒಂದು ಹೆಸರಿಲ್ಲದ, ನಾನು ಹೆಮ್ಮೆಯಿಂದ ಬೋಳಿಸಿಟ್ಟ ನಕ್ಷೆ. ಅವರ ಬೆರಳು ಹಳ್ಳದ ಗೆರೆಯ ಮೇಲೆ ಇಳಿಯತೊಡಗಿತು. "ಇದು ಪಲ್ಪರ್. ಇದು ಬೇಲಿ. ಇಲ್ಲಿ ಬಂಡೆ ತಾವ ಬಲಕ್ಕೆ ತಿರುಗ್ತದೆ..." ಬೆರಳು ನಾಲ್ಕನೆಯ ಚುಕ್ಕೆಯ ಮೇಲೆ ನಿಂತಿತು. ಜರ್ನಲ್‌ನವರಿಂದ ಬಚ್ಚಿಟ್ಟಿದ್ದೆನೇ ಹೊರತು, ಆ ಹಳ್ಳದಲ್ಲಿ ಈಜು ಕಲಿತವರಿಂದ ಬಚ್ಚಿಡುವುದು ಹೇಗೆಂದು ನಾನು ಯೋಚಿಸಿರಲೇ ಇಲ್ಲ.

"ಇದು ಗೌರಿ ಮನೆ ಕಲ್ಲು. ಅಲ್ಲೂ ಗಲೀಜಾ?"

ನಾನು ಗೋಂದಿನ ಡಬ್ಬಿಯ ಮುಚ್ಚಳ ತಿರುಗಿಸತೊಡಗಿದೆ.

"ಸುಳ್ಳು" ಎಂದರು ಮಾವ. "ಹಬ್ಬಕ್ಕೆ ಬತ್ತಾಳೆ, ಹೋಯ್ತಾಳೆ. ಹಂಗಿದ್ದಿದ್ರೆ ನಂಗೆ ಹೇಳ್ದೆ ಇರ್ತಿದ್ಲಾ? ನಡಿ, ಅವ್ಳ ಬಾಯಲ್ಲೇ ಕೇಳಾನ."

ಜೀಪಿನಲ್ಲಿ ನನ್ನನ್ನೂ ಹತ್ತಿಸಿಕೊಂಡು ಹೊರಟೇಬಿಟ್ಟರು. ಅಣ್ಣ ಬಂದನೆಂದು ಗೌರತ್ತೆ ಓಡಿ ಬಂದು ಕಾಲಿಗೆ ನೀರು ಕೊಟ್ಟರು, ಕುಡಿಯಲು ಚೊಂಬು ತಂದರು. ಮಾವ ಗಟಗಟನೆ ಕುಡಿದು, "ಎಷ್ಟು ಸಿಹಿಯಾಗೈತೆ! ನೋಡ್ದೇನಮ್ಮ?" ಎಂದು ನನ್ನ ಕಡೆ ತಿರುಗಿದರು. ಅದು ಒರತೆಯ ನೀರೆಂದು ಗೊತ್ತಿದ್ದ ನಾನು ನೆಲ ನೋಡಿದೆ. ಆಗ ಗಾಳಿ ಈ ಕಡೆಗೆ ಬೀಸಿತು. ಮಾವ ಮೂಗು ಎತ್ತಿದರು. ಚೊಂಬು ಕೆಳಗಿಟ್ಟು ಮನೆಯ ಹಿಂದಕ್ಕೆ ನಡೆದರು. ಗೌರತ್ತೆ ಅಡ್ಡ ಬಂದು ಏನೇನೋ ನೆಪ ಹೇಳಿದರು, ಕೇಳಲಿಲ್ಲ.

ಹಳ್ಳ ಕಪ್ಪಗೆ ನಿಂತಿತ್ತು. ಬಂಡೆಯ ಸುತ್ತ ಹಳದಿ ನೊರೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಲೋಳೆ. ಮಾವ ಬಗ್ಗಿ ಆ ಲೋಳೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು.

"ವರ್ಷಾವರ್ಷ ಹಿಂಗೇನಾ ಗೌರಿ?"

"ಕುಯ್ಲಲ್ಲಿ ಮಾತ್ರ ಕಣಣ್ಣ."

"ನಂಗ್ಯಾಕೆ ಹೇಳ್ಲಿಲ್ಲ?"

"ತವರು ಮನೆ ನೀರಿಗೆ ನಾತ ಐತೆ ಅಂತ ಯಾವ ಬಾಯಲ್ಲಿ ಹೇಳ್ಲಣ್ಣ?" ಎಂದರು ಗೌರತ್ತೆ. ಅಳುತ್ತಲೇ ನನ್ನ ಕಡೆ ತಿರುಗಿ "ಹೇಳ್ಬುಟ್ಯಾ ಕಣವ್ವಾ?" ಎಂದರು. ನಾನು ಹೇಳಲಿಲ್ಲ ಗೌರತ್ತೆ, ನಕ್ಷೆ ಹೇಳಿತು ಎನ್ನಬೇಕೆಂದಿದ್ದೆ, ಅಷ್ಟರಲ್ಲಿ ಮಾವ ಜೀಪು ಹತ್ತಿಯಾಗಿತ್ತು.

ಮನೆಗೆ ಬಂದವರೇ ಮಾವ ಮೇಜಿನ ಮುಂದೆ ಕೂತು, 'ಎ' ಎಂದು ಅಂಟಿಸಿದ್ದ ಚೂರಿನ ಮೇಲೆ ಉಗುರಿಟ್ಟರು. "ಇದ್ನ ಕಿತ್ತಾಕು. ಎಸ್ಟೇಟ್ ಹೆಸ್ರು ಹಾಕು, ನನ್ನ ಹೆಸ್ರು ಹಾಕು, ಹಳ್ಳದ ಹೆಸ್ರು ಹಾಕು."

"ಮಾವ, ಬೇಡಿ. ಮಾನ..."

"ಮಾನ ಹೋಗಿ ಎಷ್ಟು ವರ್ಷ ಆಗೈತೋ, ನಂಗೆ ಗೊತ್ತಾಗಿದ್ದು ಇವತ್ತು. ಮದ್ವೆ ಕಾರ್ಡಲ್ಲಿ ಹೆಸ್ರು ಕೆಳಗೆ ಬಂತು ಅಂತ ಮುನಿಸ್ಕಳ್ಳೋನು, ಈ ಕೆಲ್ಸ ಮಾಡಿ ಎ ಅನ್ನೋನ ಹಿಂದೆ ಅವಿತ್ಕಳಾದಾ? ಹಾಕಮ್ಮ."

ಬೈಗುಳಕ್ಕೆ ಸಿದ್ಧಳಾಗಿದ್ದೆ, ಹಾಸನಕ್ಕೆ ಹೋಗುವ ಬಸ್ಸಿನ ಹೊತ್ತನ್ನೂ ಮನಸ್ಸಿನಲ್ಲಿ ನೋಡಿಕೊಂಡಿದ್ದೆ, ಇದಕ್ಕೆ ಮಾತ್ರ ಸಿದ್ಧಳಾಗಿರಲಿಲ್ಲ. ಅತ್ತೆ ಅವರೆಬೇಳೆಯ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ನನಗೊಂದು ಲೋಟ ಕಾಫಿ ತಂದಿಟ್ಟರು. ಅಂಟಿಸಿದ್ದನ್ನೆಲ್ಲ ಕಿತ್ತು, ಹಾಸನದಲ್ಲಿ ಮತ್ತೆ ಪ್ರಿಂಟ್ ತೆಗೆಸಿ, ಮತ್ತೆ ಅಂಟಿಸಿದೆ. ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಮಾವನ ಹೆಸರಿನ ಜೊತೆ ಗೌರಮ್ಮ ಎಂದೂ ಸೇರಿಸಿದೆ.

ಜರ್ನಲ್ ಬಂದಾಗ ಮಾವ ಮೊದಲು ಕೇಳಿದ್ದು, "ಶ್ರೀ ಎಲ್ಲಮ್ಮ?" ಎಂದು. ಅವರು ಯಾರಿಗೂ ಶ್ರೀ ಹಾಕುವುದಿಲ್ಲ ಎಂದೆ. "ಹೋಗ್ಲಿ ಬಿಡು, ಗಲೀಜು ಮಾಡ್ದೋನ್ಗೆ ಶ್ರೀ ಬೇರೆ ಕೇಡು" ಎಂದರು. ಆಮೇಲೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಮೊದಲು ಹೇಳಿಕೊಂಡಿದ್ದ ಜಾಗಗಳಿಗೆಲ್ಲ ಹೋಗಿ, ನಮ್ಮ ಪಲ್ಪರ್ ಹೆಂಗೆ ನೀರು ಕೆಡಿಸ್ತು ಅಂತ ಬರ್ದವ್ಳೆ ನೋಡಿ ಎಂದು ತೋರಿಸಿದರು. ಕೆಲವರು ನಕ್ಕರು, ಕೆಲವರು ಸೊಸೆಗೆ ಸಲಿಗೆ ಜಾಸ್ತಿಯಾಯಿತು ಎಂದರು. ಮರುವರ್ಷದ ಕುಯ್ಲಿಗೆ ಮುಂಚೆ ನಾನು ಗುರುತು ಹಾಕಿಕೊಟ್ಟ ಕಡೆ ಒಂದರ ಕೆಳಗೊಂದು ಗುಂಡಿ ತೋಡಿಸಿದರು. ನೀರು ಅಲ್ಲಿ ನಿಂತು, ಸುಣ್ಣ ಕುಡಿದು, ತಿಳಿಯಾಗಿ ಹಳ್ಳಕ್ಕೆ ಇಳಿಯತೊಡಗಿತು. ಬದುಕಿರುವವರೆಗೂ ಸುಣ್ಣವನ್ನು ತಾವೇ ನಿಂತು ಹಾಕಿಸಿದರು.

ಈಗ ಮಾವನೂ ಇಲ್ಲ, ಅತ್ತೆಯೂ ಇಲ್ಲ. ನನ್ನವರು ಬ್ಯಾಂಕಿನ ಕೆಲಸ ಬಿಟ್ಟು ತೋಟ ನೋಡಿಕೊಳ್ಳುತ್ತಾರೆ. ನಾನು ಹಾಸನದಲ್ಲೇ ವಿಭಾಗದ ಮುಖ್ಯಸ್ಥೆ. ನೀರಿನ ಶುದ್ಧಿಯ ಬಗ್ಗೆ ಕರೆದಲ್ಲೆಲ್ಲ ಹೋಗಿ ಭಾಷಣ ಮಾಡುತ್ತೇನೆ, ಶಾಲು ಹೊದಿಸಿಕೊಳ್ಳುತ್ತೇನೆ. ಆ ಹುಡುಗಿಯ ಲ್ಯಾಪ್‌ಟಾಪ್ ದೆಸೆಯಿಂದ ಇದೆಲ್ಲ ನೆನಪಾಗಿ, ಗೌರತ್ತೆಯನ್ನು ನೋಡಿ ತುಂಬಾ ದಿನವಾಯಿತಲ್ಲ ಎನಿಸಿ, ಈ ಭಾನುವಾರ ಒಬ್ಬಳೇ ಕಾರು ಓಡಿಸಿಕೊಂಡು ಅವರ ಮನೆಗೆ ಹೋದೆ. ಕುಯ್ಲಿನ ಕಾಲ. ರಸ್ತೆಯುದ್ದಕ್ಕೂ ಹಣ್ಣಿನ ಮೂಟೆ ಹೊತ್ತ ಪಿಕಪ್ಪುಗಳು.

ಗೌರತ್ತೆಗೆ ಸೊಂಟ ಬಗ್ಗಿದೆ, ಕಣ್ಣು ಮಂಜು. ನನ್ನ ದನಿ ಕೇಳಿ ಗುರುತು ಹಿಡಿದು ಕೆನ್ನೆ ಸವರಿದರು. ಕಾಫಿ ಇಡುತ್ತೇನೆಂದು ನಾನೇ ಅಡುಗೆಮನೆಗೆ ಹೋದೆ. ಒಲೆಕಟ್ಟೆಯ ಪಕ್ಕ ನೀಲಿ ನೀರಿನ ಕ್ಯಾನು, ಪೇಟೆಯಿಂದ ದುಡ್ಡು ಕೊಟ್ಟು ತರಿಸುವಂಥದ್ದು. ಇನ್ನೊಂದು ಖಾಲಿಯಾಗಿ ಮೂಲೆಯಲ್ಲಿತ್ತು.

"ಇದ್ಯಾಕೆ ಗೌರತ್ತೆ?"

"ಮೊಮ್ಮಗ ತಂದಿಟ್ಟವ್ನೆ. ಈಗಿನ ಹುಡುಗ್ರಿಗೆ ಶೋಕಿ."

"ಹಳ್ಳ ಹೇಗಿದೆ?"

"ಚೆನ್ನಾಗೈತೆ ಕಣವ್ವ. ಅದ್ಕೇನಾಗೈತೆ?"

ನಾನು ಹಿಂದಿನ ಬಾಗಿಲು ತೆರೆದೆ. ಹುಳಿನಾತ ರಪ್ಪನೆ ಮುಖಕ್ಕೆ ಹೊಡೆಯಿತು. ಗುಂಡಿಗಳನ್ನು ನಾನು ಕೊನೆಯ ಸಲ ನೋಡಿದ್ದು ಯಾವಾಗ? ಹೂಳು ತೆಗೆಸಿದ್ದು ಯಾವಾಗ, ಸುಣ್ಣ ಹಾಕಿಸಿದ್ದು ಯಾವಾಗ? ನೆನಪಿಗೆ ಬರಲಿಲ್ಲ.

"ಗೌರತ್ತೆ, ನನ್ನ ಹತ್ರಾನೂ ಯಾಕೆ ಸುಳ್ಳು ಹೇಳ್ತೀರಿ? ನಾನು ಯಾರು ಅಂತ ಮರೆತುಹೋಯ್ತಾ?"

"ಮರೀತೀನಾ?" ಎಂದು ಗೌರತ್ತೆ ಮಂಜುಗಣ್ಣಿನಲ್ಲೇ ನಕ್ಕರು. "ಅಣ್ಣ ಹೋದ, ಅತ್ಗೆ ಹೋದ್ಲು. ಈಗ ನಂಗೆ ತವರು ಅಂತ ಇರೋದು ನೀನೇ ಅಲ್ವೇನವ್ವ?"

ನಾನು ಅಂಗಳಕ್ಕೆ ಬಂದು ತೋಟಕ್ಕೆ ಫೋನ್ ಮಾಡಿದೆ. ಆಚೆ ಕಡೆ ಪಲ್ಪರ್ ಓಡುವ ಸದ್ದಿನಲ್ಲಿ ನನ್ನವರಿಗೆ ಸರಿಯಾಗಿ ಕೇಳಿಸಲಿಲ್ಲ. "ನಿಲ್ಸಿ" ಎಂದೆ. "ಏನು?" ಎಂದರು. "ಪಲ್ಪರ್ ನಿಲ್ಸಿ ಅಂದೆ."

"ಅಷ್ಟು ಹಣ್ಣು ಬಿದ್ದಿದೆಯಲ್ಲೇ, ಕೊಳೆತುಹೋಗುತ್ತೆ!"

"ಕೊಳೀಲಿ" ಎಂದೆ.